ರೆಲಿಕ್ಟ್ ಎಂದರೆ ಯಾರು

ಶಿಕಾರಿಪುರದ ಕೋರ್ಟಿನ ಎದುರು, ಜೆರಾಕ್ಸ್ ಅಂಗಡಿಗೂ ಚಹಾದಂಗಡಿಗೂ ನಡುವಿನ ಇಕ್ಕಟ್ಟಿನಲ್ಲಿ ನನ್ನ ಮೇಜು. ಮೂವತ್ತೊಂದು ವರ್ಷದಿಂದ ಅಲ್ಲೇ ಕೂತು ಜನರ ಕಾಗದಪತ್ರ ಟೈಪ್ ಮಾಡಿದ್ದೇನೆ. ಮೊದಲು ಮಶಿನ್ನಿನ ಮೇಲೆ ಬಡಿಯುತ್ತಿದ್ದೆ, ಈಗ ಕಂಪ್ಯೂಟರಿನ ಮೇಲೆ ಒತ್ತುತ್ತೇನೆ. ಇಂಗ್ಲಿಷ್ ಕಾಗದ ಬಂದರೆ ಕನ್ನಡಕ್ಕೆ ತರ್ಜುಮೆ ಮಾಡಿಕೊಡುವುದೂ ನನ್ನದೇ ಕೆಲಸ. ಕತ್ತು ಎತ್ತಿದರೂ ನೋವು, ಬಗ್ಗಿಸಿದರೂ ನೋವು. ಸಾಕಪ್ಪಾ ಸಾಕು ಅನ್ನಿಸಿ ಬಹಳ ದಿನವಾಯಿತು. ಆದರೂ ಬೆಳಿಗ್ಗೆ ಒಂಬತ್ತೂವರೆಗೆ ಬಂದು ಮೇಜಿನ ಧೂಳು ಒರೆಸುತ್ತೇನೆ. ಬೇರೆ ಏನು ಮಾಡಬೇಕೋ ನನಗೆ ಗೊತ್ತಿಲ್ಲ.

ನನ್ನ ತವರು ಸೊರಬದ ಕಡೆ, ಚಂದ್ರಗುತ್ತಿಯ ಹತ್ತಿರ. ಮದುವೆಯಾಗಿ ಶಿಕಾರಿಪುರಕ್ಕೆ ಬಂದ ಹೊಸದರಲ್ಲಿ ಇಲ್ಲಿಯವರ ಮಾತು ಕೇಳಿ ನನಗೆ ನಗು ಬರುತ್ತಿತ್ತು, ನನ್ನ ಮಾತು ಕೇಳಿ ಅವರಿಗೆ. ಆದರೆ ಕಾಗದದ ಭಾಷೆ ಮಾತ್ರ ಎರಡೂ ತಾಲ್ಲೂಕಿನಲ್ಲಿ ಒಂದೇ. ಗಂಡಸಾದರೆ ಅಪ್ಪನ ಹೆಸರಿಗೆ ಮುಂಚೆ ಬಿನ್, ಮದುವೆಯಾದ ಹೆಂಗಸಾದರೆ ಗಂಡನ ಹೆಸರಿಗೆ ಮುಂಚೆ ಕೋಂ. ಗಂಡ ಸತ್ತಿದ್ದರೆ ಕೋಂ ಲೇಟ್. ಬಿನ್ ಅರಬ್ಬಿಯಿಂದ ಬಂತಂತೆ. ಕೋಂ ಎಲ್ಲಿಂದ ಬಂತೋ ನನಗೆ ಯಾರೂ ಸರಿಯಾಗಿ ಹೇಳಲಿಲ್ಲ. ಲೇಟ್ ಇಂಗ್ಲಿಷಿನದು, ಬಸ್ಸಿಗೂ ಅದೇ, ಸತ್ತವರಿಗೂ ಅದೇ. ಪದಗಳು ಎಲ್ಲಿಂದ ಬಂದವು ಎಂದು ಕೆದಕುವ ಚಟ ನನಗೆ ಮೊದಲಿನಿಂದಲೂ ಇದೆ. ದಿನವಿಡೀ ಜಮೀನಿನ ನಾಲ್ಕು ದಿಕ್ಕಿನ ಚೆಕ್ಕುಬಂದಿ ಟೈಪ್ ಮಾಡುವವಳು ಬೇಸರ ಕಳೆಯಲು ಏನಾದರೂ ಹಿಡಿದುಕೊಳ್ಳಬೇಕಲ್ಲ. ಚಟದ ಜೊತೆ ಸ್ವಲ್ಪ ಸೊಕ್ಕೂ ಬಂದಿತ್ತು, ಅದು ಈಚೆಗೆ ಗೊತ್ತಾಯಿತು.

ಶಿವರಾತ್ರಿ ಕಳೆದ ಮೇಲೆ ಒಂದು ಶುಕ್ರವಾರ, ಸಂಜೆ ಐದು ಹೊಡೆಯುವ ಹೊತ್ತಿಗೆ, ನಲವತ್ತರ ಆಸುಪಾಸಿನ ಒಬ್ಬಾತ ಬೈಕಿನಲ್ಲಿ ಬಂದ. ಆನವಟ್ಟಿಯ ಆಚೆಯ ಹಳ್ಳಿಯವನು. ಕುರಿ ಸಾಕುವ ಮನೆತನ, ಜೊತೆಗೆ ಹೊಲವೂ ಇದೆ. ಪ್ಲಾಸ್ಟಿಕ್ ಚೀಲದಿಂದ ಐದು ಪುಟದ ಒಂದು ಹಳೆಯ ಕಾಗದ ತೆಗೆದು ಮೇಜಿನ ಮೇಲಿಟ್ಟ.

"ಮೇಡಂ, ಇದನ್ನ ಕನ್ನಡ ಮಾಡಿಕೊಡ್ರಿ. ನಮ್ಮಜ್ಜ ಬರೆಸಿದ ಪಾಲುಪಟ್ಟಿ. ಹೊಲ ಅಳತಿ ಮಾಡಿಸ್ಬೇಕು. ಇಂಗ್ಲಿಷ್‌ದು ನಮಗ ಓದಾಕ ಬರಲ್ಲ ಅಂತಾರ ಆಫೀಸಿನಾಗ."

"ಸೋಮವಾರ ಬನ್ನಿ" ಎಂದೆ.

"ಇವತ್ತೇ ಆಗ್ಬೇಕ್ರೀ. ಮತ್ತೊಂದ್ ದಿನ ಕುರಿ ಬಿಟ್ಟು ಬರಾಕ ಆಗಲ್ಲ."

ಬೈದುಕೊಂಡೇ ಕನ್ನಡಕ ಹಾಕಿದೆ. ಕಾಗದ ಬರೆಸಿದ ಅಜ್ಜನದು ಹೆಬ್ಬೆಟ್ಟು. ಬರೆದ ವಕೀಲನಿಗೆ ಮಾತ್ರ ಇಂಗ್ಲಿಷಿನ ಹುಚ್ಚು, ಸಣ್ಣ ಮಾತಿಗೂ ದೊಡ್ಡ ಪದ. ಅಜ್ಜನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಮದುವೆಯಾದ ನಾಲ್ಕು ವರ್ಷಕ್ಕೆ ಹಾವು ಕಚ್ಚಿ ಸತ್ತಿದ್ದ, ಮಕ್ಕಳಿರಲಿಲ್ಲ. ಅವನನ್ನು ಹೊಲದ ಬಡಗಣ ಮೂಲೆಯಲ್ಲಿ ಹೂಳಿದ್ದರು. ಹೊಲವೆಲ್ಲ ಕಿರಿಯವನಿಗೆ, ಅಂದರೆ ನನ್ನೆದುರು ನಿಂತವನ ಅಪ್ಪನಿಗೆ. ನಾಲ್ಕನೆಯ ಪುಟದಲ್ಲಿ ಒಂದು ಸಾಲು ಹೀಗಿತ್ತು: ಹಿರಿಯ ಮಗನ ಸಮಾಧಿಯಿರುವ ಬಡಗಣ ಮೂಲೆಯನ್ನು ಯಾರೂ ಉಳಬಾರದು, ಅದನ್ನು ಅವನ ರೆಲಿಕ್ಟ್‌ಗಾಗಿ ಬಿಟ್ಟಿರಬೇಕು.

ರೆಲಿಕ್ ನನಗೆ ಗೊತ್ತಿದ್ದ ಪದ. ಸತ್ತವರದು ಉಳಿದದ್ದು, ಎಲುಬು, ಅವಶೇಷ. ಕೊನೆಯಲ್ಲಿದ್ದ ಟಿ ಮಾತ್ರ ಗೊತ್ತಿರಲಿಲ್ಲ. ಮಶಿನ್ನಿನಲ್ಲಿ ಬೆರಳು ಜಾರಿ ಒಂದಕ್ಷರ ಹೆಚ್ಚು ಬೀಳುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪಾಪ, ಟೈಪಿಸ್ಟ್ ತಪ್ಪು ಹೊಡೆದಿದ್ದಾನೆ ಎಂದುಕೊಂಡೆ. ಸಂಶಯಕ್ಕೆ ಮೊಬೈಲಿನಲ್ಲೂ ನೋಡಿದೆ, ಅದೂ ಅವಶೇಷ ಎಂದೇ ತೋರಿಸಿತು. ಬರೀ ಅವಶೇಷ ಎಂದರೆ ಹಳ್ಳಿಯವರಿಗೆ ತಿಳಿಯಲಿಕ್ಕಿಲ್ಲ ಎಂದು ಅಸ್ಥಿ ಎಂಬುದನ್ನು ನಾನೇ ಸೇರಿಸಿದೆ. "ಸದರಿ ಮೂಲೆಯನ್ನು ಅವನ ಅಸ್ಥಿ ಅವಶೇಷಗಳಿಗಾಗಿ ಬಿಟ್ಟಿರತಕ್ಕದ್ದು." ಸಾಲು ಚೆನ್ನಾಗಿ ಕೂತಿತು ಎಂದು ಒಳಗೊಳಗೇ ಖುಷಿಯೂ ಆಯಿತು. ಸಹಿ ಹಾಕಿ, ಸೀಲು ಒತ್ತಿ, ಕೊಟ್ಟು ಮನೆಗೆ ಹೋದೆ. ಆ ಕಾಗದ ಮತ್ತೆ ನೆನಪಿಗೂ ಬರಲಿಲ್ಲ.

ಬೇಸಿಗೆ ಹೋಯಿತು, ಮಳೆಗಾಲ ಮುಗಿಯುತ್ತ ಬಂತು. ಪಕ್ಷಮಾಸದಲ್ಲಿ ಒಂದು ದಿನ ಕೋಲೂರಿಕೊಂಡು ಒಬ್ಬ ಅಜ್ಜಿ ಬಂದರು. ಎಪ್ಪತ್ತು ದಾಟಿರಬೇಕು. ಜೆರಾಕ್ಸ್ ಅಂಗಡಿಯವನನ್ನು ಕೇಳಿ, ಚಹಾದವನನ್ನು ಕೇಳಿ, ಕೊನೆಗೆ ನನ್ನ ಮೇಜಿನ ಮುಂದೆ ನಿಂತರು.

"ಇಂಗ್ಲಿಷ್ ಓದೋ ಅಕ್ಕಾರ ಅಂದ್ರ ನೀವೇನ್ರೀ?"

"ಹೌದಮ್ಮಾ. ಕೂತ್ಕೊಳ್ಳಿ."

ಕೂರಲಿಲ್ಲ. ಸೆರಗಿನಲ್ಲಿ ಮಡಚಿಟ್ಟಿದ್ದ ಜೆರಾಕ್ಸ್ ಪ್ರತಿಗಳನ್ನು ಬಿಡಿಸಿದರು. ಒಂದು ಹಳೆಯ ಇಂಗ್ಲಿಷ್ ಕಾಗದದ್ದು, ಒಂದು ನನ್ನ ಕನ್ನಡದ್ದು. ಎರಡನ್ನೂ ನನ್ನ ಮುಂದೆ ಹರಡಿ, "ಇದರಾಗ ನಾ ಎಲ್ಲಿದೀನಿ ತೋರಿಸ್ರಿ" ಎಂದರು.

ನನಗೆ ತಲೆಬುಡ ತಿಳಿಯಲಿಲ್ಲ. ಬಿಡಿಸಿ ಕೇಳಿದ ಮೇಲೆ ಗೊತ್ತಾಯಿತು, ಹಾವು ಕಚ್ಚಿ ಸತ್ತ ಆ ಹಿರಿಯ ಮಗನ ಹೆಂಡತಿ ಇವರು. ಬೈಕಿನಲ್ಲಿ ಬಂದಿದ್ದವನಿಗೆ ದೊಡ್ಡವ್ವ. ಗಂಡ ಹೋದ ಮೇಲೂ ಅದೇ ಮನೆಯಲ್ಲಿದ್ದು ಕುರಿ ಕಾಯ್ದವರು, ಆ ಬೈಕಿನವನನ್ನೂ ಎತ್ತಿ ಆಡಿಸಿ ಬೆಳೆಸಿದವರು. ಕಳೆದ ವರ್ಷ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಾಗ ಅವರ ತಮ್ಮ ಬಂದು ಆನವಟ್ಟಿಯ ತನ್ನ ಮನೆಗೆ ಕರೆದೊಯ್ದಿದ್ದ. ಅಂದಿನಿಂದ ಹೊಲದ ಕಡೆ ಹೋಗಿರಲಿಲ್ಲ. ಈ ಸಲ ಪಕ್ಷಕ್ಕೆ ಗಂಡನ ಸಮಾಧಿಗೆ ಎಡೆ ಇಡಬೇಕು, ಕರೆದುಕೊಂಡು ಹೋಗು ಎಂದು ಮೈದುನನ ಮಗನಿಗೆ ಫೋನ್ ಮಾಡಿಸಿದರೆ, ಆತ ಏನೇನೋ ಹೇಳಿ ತಪ್ಪಿಸಿಕೊಂಡ. ಒತ್ತಾಯ ಮಾಡಿದ ಮೇಲೆ ಬಾಯಿಬಿಟ್ಟ, ಕಾಗದಗಳ ಜೆರಾಕ್ಸನ್ನೂ ಕಳಿಸಿದ.

"ಆ ಮೂಲಿ ನಿಂದಲ್ಲ ದೊಡ್ಡವ್ವಾ, ಕಾಗದದಾಗ ನಿನ್ನ ಸುದ್ದೀನ ಇಲ್ಲ, ದೊಡ್ಡಪ್ಪನ ಎಲುಬಿಗೆ ಅಂತ ಬರದೈತಿ ಅಂದ" ಎಂದು ಅಜ್ಜಿ ಹೇಳಿದರು. "ಹೆಂಗ ಇಲ್ಲದಂಗ ಹೋಗ್ತೀನ್ರೀ ನಾನು? ನಮ್ಮ ಮಾವ ನನ್ನ ಮುಂದ ಓದಿಸ್ಯಾನ. ವಕೀಲರು ಕನ್ನಡದಾಗ ತಿಳಿಸಿ ಹೇಳ್ಯಾರ, ಇದು ನಿನಗ ಕಣಮ್ಮಾ, ನಾಳೆ ನಿನ್ನೂ ಅಲ್ಲೇ ಅವನ ಪಕ್ಕ ಇಡ್ತಾರ ಅಂತ. ಅದೊಂದ ಮಾತು ನಂಬ್ಕೊಂಡು ಇಷ್ಟು ವರ್ಷ ಆ ಮನ್ಯಾಗ ಬಾಳಿದೀನಿ."

ಆ ಹೊತ್ತಿಗೆ ನನ್ನೆದುರು ಇನ್ನೂ ಮೂವರು ಕಾಯುತ್ತಿದ್ದರು, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ನನ್ನ ನಾಲಿಗೆ ಮೊದಲೇ ಹರಿತ. "ನೋಡಿ ಅಮ್ಮಾ, ಕಾಗದದಲ್ಲಿ ಇದ್ದದ್ದು ಬರೆದಿದ್ದೇನೆ. ನನ್ನ ಮನೆಯಿಂದ ತಂದು ಸೇರಿಸಿಲ್ಲ" ಎಂದೆ.

ಹೇಳಿ ಮುಗಿಸುವ ಮೊದಲೇ ನಾಲಿಗೆ ಕಚ್ಚಿಕೊಂಡೆ. ಅಸ್ಥಿ ಎಂಬುದನ್ನು ನಾನೇ ತಂದು ಸೇರಿಸಿದ್ದೆ. ಅಜ್ಜಿಗೆ ಓದು ಬರುವುದಿಲ್ಲ. ಆದರೂ ಆ ಇಂಗ್ಲಿಷ್ ಹಾಳೆಯ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ನಿಧಾನವಾಗಿ ಎಳೆಯುತ್ತಿದ್ದರು, ಎಲ್ಲಾದರೂ ತಾನು ಸಿಕ್ಕೇನು ಎಂಬಂತೆ. ನನಗೆ ನೋಡಲಾಗಲಿಲ್ಲ. ಕಾಯುತ್ತಿದ್ದವರಿಗೆ ನಾಳೆ ಬನ್ನಿ ಎಂದೆ. ಅಜ್ಜಿಯನ್ನು ಕೂರಿಸಿ ಚಹಾ ಹೇಳಿ, ಕಾಗದ ಹಿಡಿದು ಹಿಂದಿನ ಬೀದಿಯ ಹಿರಿಯ ವಕೀಲರ ಮನೆಗೆ ನಡೆದೆ. ಅವರು ಕೋರ್ಟಿಗೆ ಹೋಗುವುದು ಬಿಟ್ಟು ವರ್ಷಗಳಾಗಿವೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ನನ್ನ ಸ್ಪೆಲ್ಲಿಂಗ್ ತಿದ್ದುತ್ತಿದ್ದವರು ಅವರೇ.

ಊಟ ಮುಗಿಸಿ ಅಡ್ಡಾಗಿದ್ದವರು ಎದ್ದು ಕೂತು ಎರಡೂ ಹಾಳೆ ಓದಿದರು. ನಕ್ಕರು.

"ಇಲ್ಲಿ ಒಂದು ಟಿ ಇತ್ತಲ್ಲಮ್ಮಾ, ಅದನ್ನೆಲ್ಲಿ ಕುಡಿದುಬಿಟ್ಟೆ?"

"ಟೈಪಿಂಗ್ ತಪ್ಪು ಅಂದ್ಕೊಂಡೆ ಸಾರ್."

"ತಪ್ಪಲ್ಲ. ರೆಲಿಕ್ ಬೇರೆ, ರೆಲಿಕ್ಟ್ ಬೇರೆ. ರೆಲಿಕ್ಟ್ ಅಂದ್ರೆ ವಿಧವೆ. ಹಳೇ ಇಂಗ್ಲಿಷಿನ ಮಾತು. ಇಂಥವನ ರೆಲಿಕ್ಟ್ ಅಂತ ಗೋರಿ ಕಲ್ಲಿನ ಮೇಲೆ ಕೆತ್ತಿಸ್ತಿದ್ರು. ಈಗ ಅವರೇ ಮರೆತಿದ್ದಾರೆ, ನಿನ್ನ ಮೊಬೈಲಿಗೆ ಎಲ್ಲಿಂದ ಗೊತ್ತಾಗಬೇಕು? ಈ ಕಾಗದ ಬರೆದ ಪುಣ್ಯಾತ್ಮನಿಗೆ ತನ್ನ ಇಂಗ್ಲಿಷ್ ತೋರಿಸ್ಕೋಬೇಕಿತ್ತು, ಅಷ್ಟೆ."

ದಪ್ಪನೆಯ ಡಿಕ್ಷನರಿ ತೆಗೆಸಿ ತೋರಿಸಿದರು. ಲ್ಯಾಟಿನ್ನಿನಲ್ಲಿ ಹಿಂದೆ ಬಿಟ್ಟುಹೋಗು ಎಂಬ ಕ್ರಿಯಾಪದವಿದೆಯಂತೆ. ಅದರಿಂದ ಬಂದದ್ದು ರೆಲಿಕ್ಟ್, ಬಿಟ್ಟುಹೋದಾಗ ಉಳಿದವಳು. ಅದರಿಂದಲೇ ಬಂದದ್ದು ರೆಲಿಕ್, ಬಿಟ್ಟುಹೋದಾಗ ಉಳಿದ ಎಲುಬು. ಇಬ್ಬರನ್ನೂ ಒಂದೇ ಹೊಟ್ಟೆಯಲ್ಲಿ ಹೆತ್ತ ಭಾಷೆಗೆ ಏನು ಹೇಳುವುದು? ಸತ್ತವನ ಹೆಂಡತಿಯೂ ಉಳಿಕೆ, ಎಲುಬೂ ಉಳಿಕೆ. ನಡುವೆ ಇದ್ದದ್ದು ಒಂದು ಟಿ, ಅದನ್ನೂ ನಾನು ಕಿತ್ತುಹಾಕಿದೆ. ವಿಡೋ ಎಂದು ಬರೆದಿದ್ದರೆ ಆ ವಕೀಲನ ಗಂಟೇನು ಹೋಗುತ್ತಿತ್ತು? ವಿಡೋ ಮತ್ತು ನಮ್ಮ ವಿಧವೆ ಮೂಲದಲ್ಲಿ ಅಕ್ಕತಂಗಿಯರು ಎಂದು ಓದಿ ಒಂದು ಕಾಲದಲ್ಲಿ ನಾನು ಎಷ್ಟು ಸಂಭ್ರಮಪಟ್ಟಿದ್ದೆ. ಅಂದು ಆ ಡಿಕ್ಷನರಿಯ ಮುಂದೆ ಯಾವ ಸಂಭ್ರಮವೂ ಬರಲಿಲ್ಲ. ಮೈಯೆಲ್ಲ ಭಾರವಾಗಿ, ಅಲ್ಲೇ ಕಣ್ಣು ಮುಚ್ಚಿ ಕೂತುಬಿಡೋಣ ಅನ್ನಿಸಿತು.

"ತಿದ್ದಿ ತಾ, ನಾನೂ ಕೆಳಗೆ ಅರ್ಥ ಬರೆದು ಸಹಿ ಹಾಕ್ತೀನಿ" ಎಂದರು. "ಹೆಂಗಸು ಇನ್ನೂ ಇದ್ದಾಳಲ್ಲ, ಹೆಚ್ಚು ಕೆಟ್ಟಿಲ್ಲ."

ಮರಳಿ ಬಂದಾಗ ಅಜ್ಜಿ ಚಹಾ ಕುಡಿದು ಲೋಟವನ್ನು ತಾವೇ ತೊಳೆದಿಟ್ಟು ಕೂತಿದ್ದರು. ಅವರ ಬೆರಳು ಹಿಡಿದು ನಾಲ್ಕನೆಯ ಪುಟದ ಆ ಪದದ ಮೇಲೆ ಇಟ್ಟೆ.

"ಇಗೋ, ಇಲ್ಲಿದ್ದೀರಿ ಅಮ್ಮಾ. ಇದು ನೀವೇ. ತಪ್ಪು ನನ್ನದು."

"ಹಂಗಾರ ಇದೀನಲ್ಲ?"

"ಇದ್ದೀರಿ."

ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ ಅದನ್ನು ಓದಿ ಹೇಳಿ ಎಂದರು. ಹೇಳಿದೆ. ಎರಡು ಸಲ ಪ್ರಯತ್ನಿಸಿ, "ರಿಲೀಟು... ಥೂ, ಬಾಯಿಗೇ ಬರವಲ್ದು. ನನ್ನ ಕರಿಯಾಕ ಇದಕ್ಕಿಂತ ಸಲೀಸಾದ್ದು ಸಿಗಲಿಲ್ಲೇನು ಆ ವಕೀಲಗ?" ಎಂದು ನಕ್ಕರು. ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ತಿದ್ದಿದ ಕಾಗದವನ್ನು ಅಂಚೆಗೆ ಹಾಕಿದ್ದರೂ ಆಗುತ್ತಿತ್ತು. ಟೈಪ್ ಮಾಡಿದ ಕಾಗದದ ಹಿಂದೆ ನಾನು ಯಾವತ್ತೂ ಯಾರ ಊರಿಗೂ ಹೋದವಳಲ್ಲ. ಆದರೆ ಆ ಭಾನುವಾರ ಮನೆಯಲ್ಲಿ ಕೂರಲಾಗಲಿಲ್ಲ. "ರಜಾ ದಿನವಾದರೂ ಬಿದ್ದುಕೋಬಾರದೇನೇ, ಕತ್ತು ಅಂತ ಒದ್ದಾಡ್ತೀಯ" ಎಂದು ಯಜಮಾನರು ಗೊಣಗಿದರು. ಉಡುತಡಿಯ ಕಡೆಯಿಂದ ಹೋಗುವ ಬಸ್ಸು ಹತ್ತಿ, ಶಿರಾಳಕೊಪ್ಪದಲ್ಲಿ ಇಳಿದು ಇನ್ನೊಂದು ಹಿಡಿದು ಆನವಟ್ಟಿ ಸೇರುವಷ್ಟರಲ್ಲಿ ಹನ್ನೊಂದಾಯಿತು. ಬರುತ್ತೇನೆಂದು ಮೊದಲೇ ಫೋನ್ ಮಾಡಿದ್ದೆ, ಅಜ್ಜಿ ಬಸ್‌ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದರು. ಒಗೆದ ಸೀರೆ, ಕೈಯಲ್ಲಿ ಒಂದು ಬುಟ್ಟಿ. ಬಾಳೆಲೆಯಲ್ಲಿ ಸುತ್ತಿದ ಕಡುಬು, ತೆಂಗಿನಕಾಯಿ, ಊದಿನಕಡ್ಡಿ. ಗಂಡನಿಗೆ ಕಡುಬೆಂದರೆ ಪ್ರಾಣವಂತೆ. ಆಟೋದಲ್ಲಿ ದಾರಿಯುದ್ದಕ್ಕೂ ಬುಟ್ಟಿಯನ್ನು ತೊಡೆಯ ಮೇಲೆ ಅಲುಗದಂತೆ ಹಿಡಿದುಕೊಂಡಿದ್ದರು.

ಅಜ್ಜಿ ಹೇಳಿಕಳಿಸಿದ್ದರಿಂದ ಮೈದುನನ ಮಗ ಹೊಲದ ದಾರಿಗೆ ಬಂದು ನಿಂತಿದ್ದ. ನನ್ನನ್ನು ಕಂಡು ಗುರುತು ಹಿಡಿದ. ನಾನು ಹೆಚ್ಚು ಮಾತಾಡದೆ ತಿದ್ದಿದ ಹಾಳೆ ಕೊಟ್ಟು, "ತಪ್ಪು ಬರೆದಿದ್ದೆ. ಆ ಮೂಲೆ ನಿಮ್ಮ ದೊಡ್ಡವ್ವನಿಗೆ ಅಂತ ಇರೋದು, ಎಲುಬಿಗೆ ಅಂತ ಅಲ್ಲ" ಎಂದೆ. ಆತ ಓದಿದ. ಮತ್ತೊಮ್ಮೆ ಓದಿದ. ಮುಖ ಬಿಳಿಚಿಕೊಂಡಿತು. ಜಾಗ ಹೋಯಿತೆಂದು ಸಂಕಟವಿರಬೇಕು ಎಂದುಕೊಂಡೆ ನಾನು, ಕೆಟ್ಟವಳು.

ಅಷ್ಟರಲ್ಲಿ ಅಜ್ಜಿ ಕೋಲೂರಿಕೊಂಡು ಬದುವಿನ ಮೇಲೆ ಮುಂದೆ ಹೋಗಿದ್ದರು. ಹೊಲವಿಡೀ ಶುಂಠಿ, ಸೊಂಟದೆತ್ತರ, ಹಸಿರು ಎಂದರೆ ಹಸಿರು. ಬಡಗಣ ಮೂಲೆಯವರೆಗೂ ಮಣ್ಣು ಏರಿಸಿದ ಸಾಲುಗಳೇ, ಒಂದು ಮೊಳ ಖಾಲಿ ಬಿಟ್ಟಿರಲಿಲ್ಲ. ಅಜ್ಜಿ ಅಲ್ಲಿ ನಿಂತು ಆ ಕಡೆ ನೋಡಿದರು, ಈ ಕಡೆ ನೋಡಿದರು. ತಾವೇ ದಾರಿ ತಪ್ಪಿದೆವೇನೋ ಎಂಬಂತೆ ಬೇಲಿಯ ಮರಗಳನ್ನು ಒಂದೊಂದಾಗಿ ಗುರುತು ಹಿಡಿದರು.

"ಕಲ್ಲು ಎಲ್ಲೋ?" ಎಂದರು.

ಆತ ಹತ್ತಿರ ಹೋಗಿ ಕಾಲ ಬಳಿ ಕುಕ್ಕರಿಸಿದ. "ದೊಡ್ಡವ್ವಾ, ಕಾಗದದಾಗ ಎಲುಬಿಗೆ ಅಂತಿತ್ತು. ಎಲುಬು ತಗದು ಹೊಳಿಗೆ ಬಿಟ್ರ ಮೂಲಿ ಬಿಡುಗಡೆ ಆಕ್ಕೈತಿ, ಉಳಬೌದು ಅಂತ ಊರಾಗ ಅಂದ್ರು. ಮಳಿ ಹಿಡಿಯೂ ಮುಂಚೆ ಜೆಸಿಬಿ ತರಿಸಿದೆ. ಸುಮ್ನ ಚೆಲ್ಲಿಲ್ಲ ನಾನು. ಪೂಜಿ ಮಾಡಿಸಿ, ಹೊಸ ಗಡಿಗ್ಯಾಗ ಇಟ್ಟು, ವರದಾ ಹೊಳಿಗೆ ಬಿಟ್ಟು ಬಂದೀನಿ. ನಿನಗ ಹೇಳಾಕ ಬಾಯಿ ಬರಲಿಲ್ಲ."

ಅಸ್ಥಿ ಎಂದು ನಾನು ಬರೆಯದೆ ಬರೀ ಅವಶೇಷ ಎಂದಿದ್ದರೆ ಇವನು ಇನ್ನೊಬ್ಬರನ್ನು ಕೇಳುತ್ತಿದ್ದನೋ ಏನೋ. ಗೊತ್ತಾಗದ ಪದವನ್ನು ಗೊತ್ತಿದ್ದಂತೆ ಮಾಡಿ, ಅಗೆಯುವವನ ಕೈಗೆ ಸಲೀಸಾಗಿ ಕೊಟ್ಟವಳು ನಾನು. ಮೂವತ್ತೊಂದು ವರ್ಷದಲ್ಲಿ ಎಷ್ಟು ಕಾಗದಕ್ಕೆ ಹೀಗೆ ನನ್ನ ಪದ ಸೇರಿಸಿದ್ದೇನೋ, ಎಲ್ಲೆಲ್ಲಿ ಏನೇನು ಅಗೆದರೋ. ನೆಲ ಬಿರಿದು ನುಂಗಿದರೆ ಸಾಕು ಅನ್ನಿಸಿತು.

ಅಜ್ಜಿ ಅಳಲಿಲ್ಲ. ಬುಟ್ಟಿಯನ್ನು ಎದೆಗೊತ್ತಿಕೊಂಡು ಬದುವಿನ ಮೇಲೆ ಕೂತರು. ಆತನೇ ಅಳುತ್ತಿದ್ದ.

"ಶುಂಠಿ ಕೀಳಿಸ್ತೀನಿ ದೊಡ್ಡವ್ವಾ. ನಾಳೇನ ಕೀಳಿಸ್ತೀನಿ. ಕಲ್ಲು ಅಲ್ಲೇ ಬೇಲಿ ಬುಡದಾಗ ಐತಿ, ಮತ್ತ ನಿಲ್ಲಿಸ್ತೀನಿ. ಮೂಲಿ ನಿಂದು, ನಿನ್ನ ಇಲ್ಲೇ ಇಡ್ತೀನಿ, ನನ್ನಾಣಿ."

"ಇಲ್ಲಿ ನಿಮ್ಮ ದೊಡ್ಡಪ್ಪ ಇಲ್ಲಲ್ಲೋ" ಎಂದರು ಅಜ್ಜಿ.

ದೂರದಲ್ಲಿ ಯಾರೋ ಪಂಪ್‌ಸೆಟ್ ಚಾಲೂ ಮಾಡಿದರು. ಅಜ್ಜಿ ಬುಟ್ಟಿಯ ಬಾಳೆಲೆ ಸರಿಸಿ ಕಡುಬನ್ನು ಒಮ್ಮೆ ನೋಡಿ ಮತ್ತೆ ಮುಚ್ಚಿದರು. ಆಮೇಲೆ ಮಾಮೂಲಿ ದನಿಯಲ್ಲಿ ಹೇಳಿದರು.

"ನಾ ಸತ್ತಾಗ ನನ್ನ ಹೂಳಬ್ಯಾಡ. ಸುಟ್ಟು, ಬೂದಿ ಅದೇ ಹೊಳಿಗೆ ಬಿಡು. ಅವರನ್ನ ನೀ ಎಲ್ಲಿ ಬಿಟ್ಟೀಯೋ ಅಲ್ಲೇ ಬಿಡಬೇಕು, ಬ್ಯಾರೆ ಕಡೆ ಬಿಡಬ್ಯಾಡ."

"ನಮ್ಮ ಮನೆತನದಾಗ ಸುಡೂ ಪದ್ಧತಿ ಇಲ್ಲ ದೊಡ್ಡವ್ವಾ. ಜನ ಏನಂತಾರ?"

"ಎಲುಬು ಕೀಳೂ ಪದ್ಧತೀನೂ ಇರಲಿಲ್ಲ" ಎಂದರು.

ಅಜ್ಜಿ ನನ್ನ ಕಡೆ ತಿರುಗಿದರು. ಬರುವಾಗ ಇದ್ದ ಮುಖವೇ, ಆದರೆ ಹತ್ತು ವರ್ಷ ಹೆಚ್ಚಾದಂತೆ ದಣಿದಿತ್ತು.

"ಅಕ್ಕಾರ, ಇದನ್ನ ಒಂದು ಕಾಗದದಾಗ ಬರೀರಿ. ಇವನ ಸಹಿ ತಗೋರಿ. ಕನ್ನಡದಾಗ ಬರೀರಿ, ಬ್ಯಾರೆ ಏನೂ ಸೇರಿಸಬ್ಯಾಡ್ರಿ. ನನ್ನ ಹೆಸರು ಹಾಕಿ ಬರೀರಿ."

ಆತನ ಕೈಯಲ್ಲಿದ್ದ ತಿದ್ದಿದ ಹಾಳೆಯನ್ನೇ ಇಸಿದುಕೊಂಡು, ಬದುವಿನ ಮೇಲೆ ಕೂತು, ಮಗುಚಿ ತೊಡೆಯ ಮೇಲಿಟ್ಟುಕೊಂಡೆ. ಪೆನ್ನು ತೆಗೆದೆ. "ನಾನು" ಎಂದು ಬರೆದೆ, ಅಲ್ಲಿಗೇ ಕೈ ನಿಂತಿತು. ಇವರ ಗಂಡನ ಹೆಸರು ಗೊತ್ತಿತ್ತು, ಮಾವನ ಹೆಸರು ಗೊತ್ತಿತ್ತು, ಮೈದುನನ ಹೆಸರೂ ಗೊತ್ತಿತ್ತು, ಎಲ್ಲವೂ ಕಾಗದದಲ್ಲಿದ್ದವು. ಇವರನ್ನು ಮಾತ್ರ ಅಲ್ಲಿ ಯಾರೂ ಹೆಸರಿಟ್ಟು ಕರೆದಿರಲಿಲ್ಲ. ಅವರ ಕಥೆಯನ್ನೆಲ್ಲ ಕೇಳಿಸಿಕೊಂಡ ನಾನೂ ಹೆಸರು ಕೇಳಿರಲಿಲ್ಲ.

"ನಿಮ್ಮ ಹೆಸರೇನಮ್ಮಾ?" ಎಂದು ಕೇಳಿದೆ.